ಡೀಸೆಲ್ ಕಾರ್ ಎಂಜಿನ್ ವಿಮಾನಕ್ಕೆ: ಐಡಲ್‌ನಲ್ಲಿ ನಡುಕ, ಕಪ್ಲಿಂಗ್ ರಬ್ಬರ್ ಪುಡಿಪುಡಿ

ರೆಕ್ಕೆಮೇಸ್ತ್ರಿ:
ನಮಸ್ಕಾರ. ಜರ್ಮನಿಯಲ್ಲಿ ನಾವೊಂದಷ್ಟು ಜನ ಸೇರಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇವೆ. ಎಂಜಿನ್ ಹಳೇ ಕಾರಿನದು, 1.9 ಲೀಟರ್, ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್. ಅದಕ್ಕೆ ರಬ್ಬರ್ ಕಪ್ಲಿಂಗ್, ಆಮೇಲೆ ಗೇರ್‌ಬಾಕ್ಸ್, ಪ್ರೊಪೆಲ್ಲರ್. 1,500 ಆರ್‌ಪಿಎಂ ದಾಟಿದರೆ ಸದ್ದಿಲ್ಲದೆ ಓಡುತ್ತದೆ. ಐಡಲ್‌ನಲ್ಲಿ, ಅಂದರೆ ಎಂಜಿನ್ ಸುಮ್ಮನೆ ನಿಧಾನಕ್ಕೆ ಓಡುವಾಗ, 1,000ದ ಆಸುಪಾಸಿನಲ್ಲಿ ಗೇರ್‌ಬಾಕ್ಸ್ ಕಟಕಟ ಅನ್ನುತ್ತದೆ, ಪ್ಯಾನೆಲ್ ನಡುಗಿ ಮೀಟರಿನ ಮುಳ್ಳೇ ಕಾಣಿಸುವುದಿಲ್ಲ. ಕೌಲಿಂಗ್ (ಎಂಜಿನ್ ಮುಚ್ಚಳ) ಬಿಚ್ಚಿದರೆ ಕಪ್ಲಿಂಗ್ ಕೆಳಗೆ ಕರಿ ಪುಡಿ. ಪ್ರೊಪೆಲ್ಲರ್ ಬ್ಯಾಲೆನ್ಸ್ ಮಾಡಿಸಿದೆವು, ಮೌಂಟ್ ರಬ್ಬರ್ ಬದಲಾಯಿಸಿದೆವು. ಏನೂ ಪ್ರಯೋಜನ ಆಗಲಿಲ್ಲ. ಇಂಜೆಕ್ಟರ್ ಇರಬಹುದಾ?

ಗೇರುಗುಮ್ಮ:
ಕಾರಿನ ಫ್ಲೈವೀಲ್, ಅಂದರೆ ಕ್ರ್ಯಾಂಕ್ ತುದಿಯ ಭಾರದ ಚಕ್ರ, ಹಾಗೇ ಇದೆಯಾ?

ರೆಕ್ಕೆಮೇಸ್ತ್ರಿ:
ಇಲ್ಲ. ಡ್ಯುಯಲ್ ಮಾಸ್ ಫ್ಲೈವೀಲ್ (ಎರಡು ಭಾಗ, ನಡುವೆ ಸ್ಪ್ರಿಂಗ್ ಇರುವಂಥದ್ದು) ಇತ್ತಂತೆ, ಎಂಜಿನ್ ಕೊಟ್ಟವರು ಭಾರ ಅಂತ ತೆಗೆದಿದ್ದರು. ಈಗ ತೆಳು ಪ್ಲೇಟ್ ಇದೆ.

ಗೇರುಗುಮ್ಮ:
ಹಾಗಾದರೆ ಇಂಜೆಕ್ಟರ್ ಬಿಡಿ. ಇದು ಟಾರ್ಷನಲ್ ರೆಸೊನೆನ್ಸ್, ಅಂದರೆ ಎಂಜಿನ್ ಒದೆತದ ಲಯ ಜೋಡಣೆಯ ತಿರುಚುವ ಕಂಪನಕ್ಕೆ ತಾಳೆಯಾಗಿ ನಡುಕ ಹೆಚ್ಚುವುದು. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಒದೆಯುತ್ತದೆ. 1,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 33 ಒದೆತ. ಡೀಸೆಲ್‌ನಲ್ಲಿ ಕಂಪ್ರೆಷನ್ ಜಾಸ್ತಿ, ಒದೆತವೂ ಜೋರು. ಒಂದು ಕಡೆ ಕ್ರ್ಯಾಂಕ್, ಇನ್ನೊಂದು ಕಡೆ ಪ್ರೊಪೆಲ್ಲರ್, ನಡುವೆ ಸ್ಪ್ರಿಂಗ್ ಆಗಿರುವುದು ನಿಮ್ಮ ರಬ್ಬರ್. ಇಡೀ ಜೋಡಣೆಯ ಸಹಜ ಕಂಪನ ಆ 33ರ ಹತ್ತಿರವೇ ಬಂದು ಕೂತಿದೆ. ಬ್ಯಾಲೆನ್ಸ್ ಮಾಡಿಸಿದರೆ ಇದು ಹೋಗಲ್ಲ.

ಆ ಸಹಜ ಕಂಪನವನ್ನು ಐಡಲ್‌ಗಿಂತ ತುಂಬಾ ಕೆಳಗೆ ತಳ್ಳಬೇಕು. ಅರ್ಧಕ್ಕೆ ಇಳಿಸಲು ಕಪ್ಲಿಂಗ್ ನಾಲ್ಕು ಪಟ್ಟು ಮೆತ್ತಗಿರಬೇಕು. ಆಗ ಸ್ಟಾರ್ಟ್, ಸ್ಟಾಪ್ ಹೊತ್ತಲ್ಲಿ ಒಮ್ಮೆ ಗಡಗಡ ಅಂದು ಸುಮ್ಮನಾಗುತ್ತದೆ. ಭಾರದ ಫ್ಲೈವೀಲ್ ಕೂಡ ಕಂಪನವನ್ನು ಕೆಳಗೆ ಎಳೆಯುತ್ತದೆ, ಜೊತೆಗೆ ಒದೆತವನ್ನೂ ತಗ್ಗಿಸುತ್ತದೆ. ತೂಕ ಉಳಿಸುವ ಜಾಗ ಇದಲ್ಲ, ಬೇರೆ ಕಡೆ ನೋಡಿ. ಐಡಲ್ ಏರಿಸಿ ಬಚಾವಾಗಬಹುದು, ಆದರೆ ಲ್ಯಾಂಡಿಂಗ್‌ನಲ್ಲಿ ವಿಮಾನ ಇಳಿಯದೆ ತೇಲುತ್ತದೆ.

ದೊಡ್ಡವರೂ ಇಲ್ಲೇ ಬೆವರಿದ್ದು. ಥೀಲರ್ಟ್ ಕಂಪನಿಯ ವಿಮಾನ ಎಂಜಿನ್ ಸೆಂಚುರಿಯನ್ 1.7 ಮರ್ಸಿಡಿಸ್ ಎ ಕ್ಲಾಸ್ ಡೀಸೆಲ್‌ನಿಂದ ಬಂದದ್ದು, 135 ಅಶ್ವಶಕ್ತಿ. ಅದಕ್ಕೆ ಕ್ಲಚ್ ಇತ್ತು, 1.69 ಅನುಪಾತದ ಗೇರ್‌ಬಾಕ್ಸ್ ಇತ್ತು. ಮೊದಮೊದಲು ಆ ಗೇರ್‌ಬಾಕ್ಸನ್ನು 300 ಗಂಟೆಗೊಮ್ಮೆ ಬಿಚ್ಚಿ ತಪಾಸಣೆಗೆ ಕಳಿಸಬೇಕಿತ್ತು. ಫ್ರಾನ್ಸಿನ ಎಸ್‌ಎಂಎ ಕಂಪನಿ ಈ ತಂಟೆಯೇ ಬೇಡ ಅಂತ 5 ಲೀಟರ್ ಎಂಜಿನ್ ಮಾಡಿ ನೇರವಾಗಿ ಪ್ರೊಪೆಲ್ಲರ್‌ಗೆ ಕೂರಿಸಿತು.

ನೀಲಿಗಗನ:
ಬ್ಲೇಡ್ ಯಾವುದು? ಅಲ್ಯೂಮಿನಿಯಂ ಆದರೆ ಇವತ್ತೇ ಓಡಿಸುವುದು ನಿಲ್ಲಿಸಿ. ಇಂಥ ನಡುಕಕ್ಕೆ ಲೋಹ ದಣಿದು ಬಿರುಕು ಬಿಡುತ್ತದೆ, ಹೊರಗೆ ಗೊತ್ತೇ ಆಗಲ್ಲ. ಡೀಸೆಲ್‌ಗೆ ಮರದ ತಿರುಳಿನ ಬ್ಲೇಡ್ ಜಾಸ್ತಿ ಬಳಸುವುದು ಸುಮ್ನೆ ಅಲ್ಲ.

ಇನ್ನೊಂದು. ಎಂಜಿನ್ ಕಂಪ್ಯೂಟರಿಗೆ ಬೇರೆ ಬ್ಯಾಟರಿ ಕೊಟ್ಟಿದ್ದೀರಾ? 2007ರಲ್ಲಿ ನಿಮ್ಮ ಜರ್ಮನಿಯ ಸ್ಪೈಯರ್‌ನಲ್ಲೇ ಡಿಎ42 ಎಂಬ ಎರಡು ಡೀಸೆಲ್ ಎಂಜಿನ್‌ನ ವಿಮಾನವೊಂದನ್ನು ಬ್ಯಾಟರಿ ಖಾಲಿ ಅಂತ ಹೊರಗಿನ ಕರೆಂಟ್‌ನಿಂದ ಸ್ಟಾರ್ಟ್ ಮಾಡಿದ್ದರು. ಟೇಕಾಫ್ ಆಗಿ ಚಕ್ರ ಮಡಚುವಾಗ ವೋಲ್ಟೇಜ್ ಕುಸಿಯಿತು, ಕಂಪ್ಯೂಟರ್‌ಗಳು ರೀಸೆಟ್ ಆದವು, ಎರಡೂ ಎಂಜಿನ್ ನಿಂತವು.

ರೆಕ್ಕೆಮೇಸ್ತ್ರಿ:
ಬ್ಲೇಡ್ ಮರದ್ದೇ, ಸದ್ಯ! ಬ್ಯಾಟರಿ ಒಂದೇ ಇದೆ, ಎರಡನೆಯದು ಹಾಕುತ್ತೇವೆ. ಫ್ಲೈವೀಲ್ ಹುಡುಕುತ್ತೇವೆ. ಈಗಿನ ಕಪ್ಲಿಂಗ್ ಎಷ್ಟು ಗಡಸು ಅಂತ ತಿರುಚಿ ಅಳೆದು ಅಂಕಿ ಇಲ್ಲಿ ಹಾಕಲಾ?

ಗೇರುಗುಮ್ಮ:
ಹಾಕಿ, ಆದರೆ ಅದೇ ರಬ್ಬರ್ ಅಳೆಯಬೇಡಿ. ಪುಡಿ ಬಿದ್ದಿದೆ ಅಂದರೆ ಒಳಗೆ ಬೆಂದು ಗಡಸೇ ಬದಲಾಗಿರುತ್ತದೆ. ಹೊಸದನ್ನು ಅಳೆಯಿರಿ. ಫ್ಲೈವೀಲ್ ಸಿಕ್ಕಿದರೆ ಅದರ ತೂಕ, ವ್ಯಾಸ ಎರಡೂ ಬೇಕು.