ಕಾರಂಜಿಗೆ ‘ಇಂಟರ್‌ಆ್ಯಕ್ಟಿವ್’ ಅನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳೋಣ?

ಎಲ್ಲರಿಗೂ ನಮಸ್ಕಾರ.

ಶಿಕಾಗೋದ ಮಿಲೆನಿಯಂ ಪಾರ್ಕಿನಲ್ಲಿರುವ ಕ್ರೌನ್ ಫೌಂಟನ್ ಬಗ್ಗೆ ಮಕ್ಕಳಿಗಾಗಿ ಒಂದು ಪುಟ ಬರೆಯುತ್ತಿದ್ದೇನೆ. ಅದರ ಹೆಸರಿಗೆ ಎಲ್ಲರೂ ‘ಇಂಟರ್‌ಆ್ಯಕ್ಟಿವ್’ ಅಂತ, ಅಂದರೆ ನೋಡುವವರೂ ಸೇರಿಕೊಳ್ಳುವಂಥದ್ದು ಅಂತ, ಒಂದು ಬಾಲ ಅಂಟಿಸುತ್ತಾರೆ. ಆ ಬಾಲಕ್ಕೆ ಕನ್ನಡ ಸಿಗುತ್ತಿಲ್ಲ.

ನೋಡದವರಿಗಾಗಿ ಸ್ವಲ್ಪ ವಿವರ. ಇದನ್ನು ರೂಪಿಸಿದವರು ಸ್ಪೇನಿನ ಶಿಲ್ಪಿ ಜೌಮೆ ಪ್ಲೆನ್ಸಾ. ಜನರಿಗೆ ತೆರೆದದ್ದು 2004ರಲ್ಲಿ. ಗಾಜಿನ ಇಟ್ಟಿಗೆಯ ಎರಡು ಗೋಪುರಗಳು ಎದುರುಬದುರು ನಿಂತಿವೆ, ಒಂದೊಂದೂ 50 ಅಡಿ ಎತ್ತರ. ನಡುವೆ ಕಪ್ಪು ಗ್ರಾನೈಟಿನ ಹಾಸು, ಅದರ ಮೇಲೆ ನೀರಿನ ತೆಳು ಪದರ. ಪಾದವೂ ಮುಳುಗುವುದಿಲ್ಲ, ಅಷ್ಟು ತೆಳು. ಗಾಜಿನ ಹಿಂದೆ ಎಲ್‌ಇಡಿ ಪರದೆ ಇದೆ. ಅದರಲ್ಲಿ ಆ ಊರಿನವರದ್ದೇ ಮುಖಗಳು, ಸುಮಾರು 1,000 ಜನರದ್ದು, ಒಂದಾದ ಮೇಲೆ ಒಂದು ಬರುತ್ತವೆ. ಮುಖ ಕಣ್ಣು ಮಿಟುಕಿಸುತ್ತದೆ, ನಿಧಾನಕ್ಕೆ ನಗುತ್ತದೆ, ಆಮೇಲೆ ತುಟಿ ಮುಂದೆ ಮಾಡುತ್ತದೆ. ಸರಿಯಾಗಿ ತುಟಿ ಕಾಣುವ ಜಾಗದಲ್ಲೇ ಗೋಪುರಕ್ಕೊಂದು ನಳಿಕೆ ಇಟ್ಟಿದ್ದಾರೆ. ಅಲ್ಲಿಂದ ನೀರು ಧೋ ಅಂತ ಬೀಳುತ್ತದೆ. ತುಟಿ ಅಲುಗಿದ್ದು ನೋಡಿಯೇ ಓಡಿಬಂದು ಕೆಳಗೆ ನಿಂತ ಮಕ್ಕಳು ತೊಯ್ದು ತೊಪ್ಪೆ.

ಈಗ ಪದಕ್ಕೆ ಬರೋಣ. ‘ಸಂವಾದಾತ್ಮಕ ಕಾರಂಜಿ’ ಅಂದರೆ ಕಾರಂಜಿ ಮಾತಾಡುತ್ತದೆ ಅಂದುಕೊಳ್ಳುತ್ತಾರೆ ಮಕ್ಕಳು. ‘ಪರಸ್ಪರ ಕ್ರಿಯಾತ್ಮಕ’ ಬೇಡವೇ ಬೇಡ, ಓದುವಷ್ಟರಲ್ಲಿ ಬಾಯಿ ಒಣಗುತ್ತದೆ. ‘ಓಗೊಡುವ ಕಾರಂಜಿ’ ನನಗೆ ತುಂಬಾ ಹಿಡಿಸಿತ್ತು. ಕರೆದರೆ ಓ ಅನ್ನುವುದು, ಚೆನ್ನಾಗಿದೆ ಅಲ್ವಾ? ಆದರೆ ಇಲ್ಲಿ ಅದು ಸುಳ್ಳಾಗುತ್ತದೆ. ಮುಖಗಳೆಲ್ಲ ಮೊದಲೇ ಚಿತ್ರೀಕರಿಸಿ ಇಟ್ಟವು. ಕೆಳಗೆ ಒಂದು ನರಪಿಳ್ಳೆ ಇಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ನೀರು ಬೀಳುತ್ತದೆ. ಕಾರಂಜಿ ಜನರಿಗೆ ಓಗೊಡುವುದಿಲ್ಲ, ಜನರೇ ಅದಕ್ಕೆ ಓಗೊಡುತ್ತಾರೆ. ಬೇರೆ ಥರದವೂ ಇವೆ. ಗುಂಡಿ ಒತ್ತಿದರೆ ನೀರು ಚಿಮ್ಮುವಂಥವು, ಸೆನ್ಸರ್ ಇಟ್ಟು ಹತ್ತಿರ ಹೋದರೆ ಏಳುವಂಥವು. ‘ಓಗೊಡುವ’ ಅವಕ್ಕೆ ಹೊಂದುತ್ತದೆ. ಇಂಗ್ಲಿಷಿನವರು ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದಾರೆ. ನಾವೂ ಹಾಕಬೇಕು ಅಂತೇನಿಲ್ಲ.

ಸದ್ಯಕ್ಕೆ ‘ನೀರಾಟದ ಕಾರಂಜಿ’ ಅಂತ ಬರೆದಿದ್ದೇನೆ. ಚಳಿಗಾಲದಲ್ಲಿ ಅಲ್ಲಿ ನೀರು ನಿಲ್ಲಿಸುತ್ತಾರೆ, ಮುಖಗಳು ಮಾತ್ರ ಇರುತ್ತವೆ. ಆಗ ನೀರಾಟ ಎಲ್ಲಿ ಅಂತ ಯಾರಾದರೂ ಕೇಳಬಹುದು. ಕೇಳಲಿ ಬಿಡಿ.

ಇನ್ನೊಂದು ತೊಡಕು ಕ್ರಿಯಾಪದದ್ದು, ನಿಜ ಹೇಳಬೇಕೆಂದರೆ ನನಗೆ ಇದರದ್ದೇ ಜಾಸ್ತಿ ತಲೆನೋವು. ಮುಖ ನೀರನ್ನು ಏನು ಮಾಡುತ್ತದೆ? ‘ಉಗುಳುತ್ತದೆ’ ಅಂದರೆ ಕೆಳಗಿರುವ ಮಗುವಿಗೆ ಅವಮಾನ ಮಾಡಿದ ಹಾಗೆ. ‘ಕಾರುತ್ತದೆ’ ಅಂದರೆ ಹಿಂದೆಯೇ ವಿಷ, ಬೆಂಕಿ, ವಾಂತಿ ನೆನಪಾಗುತ್ತವೆ. ‘ಚಿಮ್ಮುತ್ತದೆ’ ತಪ್ಪಲ್ಲ, ಆದರೆ ಅದು ನಳಿಕೆಯ ಕೆಲಸ, ಅದರಲ್ಲಿ ಮುಖವೇ ಇಲ್ಲ. ನನ್ನ ಒಲವು ‘ಮುಕ್ಕಳಿಸು’ ಕಡೆಗೆ. ಅದರಲ್ಲಿ ಕೆನ್ನೆ ಉಬ್ಬುತ್ತದೆ, ತುಟಿ ಮುಂದೆ ಬರುತ್ತದೆ. ಯುರೋಪಿನ ಹಳೆಯ ಚರ್ಚುಗಳ ಸೂರಿನಲ್ಲಿ ಬಾಯಿಂದ ಮಳೆನೀರು ಬಿಡುವ ಕಲ್ಲಿನ ಮೂರ್ತಿಗಳಿವೆಯಲ್ಲ, ಗಾರ್ಗಾಯ್ಲ್ ಅನ್ನುತ್ತಾರೆ. ಈ ಕಾರಂಜಿ ಅವನ್ನೇ ನೆನಪಿಸುತ್ತದೆ. ಆ ಹೆಸರೂ, ಬಾಯಿ ಮುಕ್ಕಳಿಸುವುದಕ್ಕೆ ಇಂಗ್ಲಿಷಿನಲ್ಲಿರುವ ‘ಗಾರ್ಗಲ್’ ಪದವೂ ಗಂಟಲು ಅನ್ನುವ ಅರ್ಥದ ಒಂದೇ ಹಳೆಯ ಫ್ರೆಂಚ್ ಪದದ ಮಕ್ಕಳು.

ಅನುಮಾನ ಇಷ್ಟೇ. ‘ಮುಕ್ಕಳಿಸು’ ಅಂದರೆ ನಿಮ್ಮ ಕಿವಿಗೆ ಬಾಯೊಳಗೆ ನೀರು ಆಡಿಸುವುದು ಮಾತ್ರ ಕೇಳಿಸುತ್ತದೆಯೋ, ಹೊರಗೆ ಬಿಡುವುದೂ ಅದರಲ್ಲೇ ಸೇರಿದೆಯೋ? ‘ಮುಕ್ಕಳಿಸಿ ಬಿಡುತ್ತದೆ’ ಅಂತ ಬರೆದರೆ ಸರಿಹೋಗುತ್ತದಾ? ನಿಮ್ಮ ಕಡೆ ಬೇರೆ ಮಾತಿದ್ದರೆ ಅದನ್ನೂ ಹೇಳಿ.