ಜ್ವರ ಇಳಿದ ಮೇಲೆ ಡೆಂಗ್ಯೂ ಅಪಾಯ ಜಾಸ್ತಿ ಯಾಕೆ?

ತೋಟದಮನೆ, ವಿರಾಜಪೇಟೆ:
ಮಳೆ ಶುರುವಾದ ಮೇಲೆ ನಮ್ಮ ಲೈನ್ ಮನೆಗಳಲ್ಲಿ ಡೆಂಗ್ಯೂ ಬಂದಿದೆ. ಜ್ವರ ಇಳಿಯುವಾಗಲೇ ಹುಷಾರಾಗಿರಿ ಎನ್ನುತ್ತಾರೆ ಡಾಕ್ಟರ್. ವೈರಸ್ ಕಡಿಮೆಯಾಗುವ ಹೊತ್ತಿಗೆ ಅಪಾಯ ಹೇಗೆ? ಸೋಂಕಿನಲ್ಲಿ ದೇಹವೇ ಬಿಡುವ ಇಂಟರ್‌ಫೆರಾನ್, ಸೈಟೋಕೈನ್ ಎಂಬ ಸಂದೇಶ-ಪ್ರೋಟೀನ್‌ಗಳೆಲ್ಲ ಬೇರೆ ಬೇರೆ ಕೆಲಸ ಮಾಡುತ್ತವಾ, ಒಟ್ಟಿಗಾ?

ಲ್ಯಾಬ್_ಮಡಿಕೇರಿ:
ಒಟ್ಟಿಗೇ ಅಣ್ಣ. ಸೋಂಕು ತಗುಲಿದ ಜೀವಕೋಶ ಮೊದಲು ಟೈಪ್ 1 ಇಂಟರ್‌ಫೆರಾನ್ ಬಿಡುತ್ತದೆ. 1957ರಲ್ಲಿ ಐಸಾಕ್ಸ್, ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಲಂಡನ್ನಿನಲ್ಲಿ ಕಂಡುಹಿಡಿದದ್ದು ಇದನ್ನೇ. ಇದು ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ, ಅಕ್ಕಪಕ್ಕದ ಕೋಶಗಳಲ್ಲಿ ನೂರಾರು ಜೀನ್‌ಗಳನ್ನು ಎಬ್ಬಿಸಿ, ವೈರಸ್ ಒಳಗೆ ಬಂದರೂ ಅಲ್ಲಿ ಸುಲಭವಾಗಿ ಹೆಚ್ಚದಂತೆ ಮಾಡುತ್ತದೆ. ಐಎಲ್-12, ಐಎಲ್-18 ಎಂಬ ಸೈಟೋಕೈನ್‌ಗಳು ಜೊತೆ ಸೇರಿದರೆ ಎನ್‌ಕೆ ಕೋಶಗಳು (ಸೋಂಕಿತ ಕೋಶ ಕೊಲ್ಲುವ ಬಿಳಿ ರಕ್ತಕಣ) ಗಾಮಾ ಎಂಬ ಇನ್ನೊಂದು ಬಗೆಯ ಇಂಟರ್‌ಫೆರಾನ್ ಬಿಡುತ್ತವೆ, ಅದು ರೋಗಾಣು ನುಂಗುವ ಮ್ಯಾಕ್ರೋಫೇಜ್ ಕೋಶಗಳನ್ನು ಚುರುಕು ಮಾಡುತ್ತದೆ, ಅವು ಇನ್ನಷ್ಟು ಐಎಲ್-12 ಬಿಡುತ್ತವೆ. ಒಂದೊಂದೇ ಇದ್ದರೆ ಇಷ್ಟು ಜೋರು ಬರಲ್ಲ.

ಕುಶಾಲನಗರದವಳು:
ತೊಂದರೆ ಇರುವುದೂ ಅಲ್ಲೇ ಅಲ್ವಾ. ಟಿಎನ್‌ಎಫ್ ಎಂಬ ಸೈಟೋಕೈನ್, ಗಾಮಾ ಇಂಟರ್‌ಫೆರಾನ್ ಎರಡೂ ಒಟ್ಟಿಗೆ ಅತಿಯಾದರೆ ನಮ್ಮದೇ ಕೋಶಗಳು ಸಾಯಬಹುದು. ಡೆಂಗ್ಯೂನಲ್ಲಿ ಟಿಎನ್‌ಎಫ್‌ನಂಥವು ಮತ್ತು ವೈರಸ್ಸಿನ ಎನ್‌ಎಸ್1 ಪ್ರೋಟೀನ್ ಸೇರಿ ರಕ್ತನಾಳದ ಗೋಡೆ ಸಡಿಲಿಸುತ್ತವೆ, ಪ್ಲಾಸ್ಮಾ (ರಕ್ತದ ದ್ರವಭಾಗ) ಹೊರಗೆ ಸೋರುತ್ತದೆ. ಸಾಮಾನ್ಯವಾಗಿ ಜ್ವರ ಬಂದ 3ರಿಂದ 7ನೇ ದಿನದೊಳಗೆ. ವೈರಸ್ ಇಳಿದರೂ ಈ ಉರಿಯೂತದ ಗಲಾಟೆ ತಕ್ಷಣ ನಿಲ್ಲುವುದಿಲ್ಲ.

ತೋಟದಮನೆ, ವಿರಾಜಪೇಟೆ:
ಹಾಗಾದರೆ ಉರಿಯೂತ ಇಳಿಸಲು ಐಬುಪ್ರೊಫೆನ್ ಕೊಡಬಹುದಾ?

ಲ್ಯಾಬ್_ಮಡಿಕೇರಿ:
ಬೇಡವೇ ಬೇಡ. ಅದೂ ಆಸ್ಪಿರಿನ್ನೂ ರಕ್ತಸ್ರಾವ ಹೆಚ್ಚಿಸಬಹುದು. ಪ್ಯಾರಾಸಿಟಮಾಲ್ ಮಾತ್ರ, ಡಾಕ್ಟರ್ ಹೇಳಿದಷ್ಟು. ಹೊಟ್ಟೆನೋವು ಜೋರಾದರೆ, ಪದೇ ಪದೇ ವಾಂತಿಯಾದರೆ, ಒಸಡಿನಲ್ಲಿ ರಕ್ತ ಬಂದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.