ಒಂದೇ ಯುಎಸ್‌ಬಿ ಕಂಟ್ರೋಲರ್, ಎರಡು ಕನೆಕ್ಟರ್: ಹೆಂಗ ಕೂಡಿಸೋದು?

ಪ್ರಶ್ನೆ (ಉದ್ಯಮಬಾಗ, ಬೆಳಗಾವಿ):
ಫೌಂಡ್ರಿ ಡೇಟಾ ಲಾಗರ್ ಬೋರ್ಡಿನ್ಯಾಗ ಹೈ-ಸ್ಪೀಡ್ ಓಟಿಜಿ ಕಂಟ್ರೋಲರ್ (ಹೋಸ್ಟ್ ಆಗಿ ಪೆನ್‌ಡ್ರೈವ್ ನಡೆಸೋದು, ಡಿವೈಸ್ ಆಗಿ ಲ್ಯಾಪ್‌ಟಾಪಿಗೆ ಕೂಡೋದು ಎರಡೂ ಮಾಡೋದು) ಒಂದೇ ಅದ. ಪೆನ್‌ಡ್ರೈವಿಗೆ ಟೈಪ್-ಎ, ಲ್ಯಾಪ್‌ಟಾಪಿಗೆ ಟೈಪ್-ಸಿ ಬೇಕು. ಡಿ ಪ್ಲಸ್, ಡಿ ಮೈನಸ್ ಡೇಟಾ ಲೈನ್ ಎರಡೂ ಕಡೆ ಪ್ಯಾರಲಲ್ ಎಳದ್ರ ನಡೀತದೇನ್ರಿ?

ಬಾಗಲಕೋಟೆಯಿಂದ:
12 ಎಂಬಿಪಿಎಸ್‌ಗೆ ಒಮ್ಮೊಮ್ಮೆ ನಡದೀತು, 480ಕ್ಕ ನೆಚ್ಚಬ್ಯಾಡ್ರಿ. ಖಾಲಿ ಕನೆಕ್ಟರಿನ ಟ್ರೇಸ್ (ಬೋರ್ಡಿನ ತಾಮ್ರದ ಗೆರೆ) ಸ್ಟಬ್, ಅಂದ್ರ ತುದಿ ಮುಚ್ಚಿದ ಕವಲು ಆಗಿ ಸಿಗ್ನಲ್ ತಿರುಗಿ ಬರ್ತದ. ಟಿಎಸ್3ಯುಎಸ್‌ಬಿ221 ಅಂಥ ಮಕ್ಸ್ (ಎರಡರಾಗ ಒಂದು ದಾರಿ ಆರಿಸೋ ಸ್ವಿಚ್ ಚಿಪ್) ಹಾಕ್ರಿ, ಸಪ್ಲೈ 3.3 ವೋಲ್ಟ್. ಟ್ರೇಸ್ ಜೋಡಿಯ ಇಂಪಿಡೆನ್ಸ್ 90 ಓಮ್ ಇರ್ಲಿ, ಕೆಳಗ ಗ್ರೌಂಡ್ ತುಂಡಾಗಬಾರದು. ಟೈಪ್-ಸಿ ವಿಬಸ್ಸನ್ನ (5 ವೋಲ್ಟ್ ಪವರ್ ಲೈನ್) ರೆಸಿಸ್ಟರ್ ಡಿವೈಡರಿಂದ ಇಳಿಸಿ ಮಕ್ಸಿನ ಸೆಲೆಕ್ಟ್ ಪಿನ್ನಿಗೆ ಕೊಡ್ರಿ.

ವಿಜಯಪುರದಿಂದ:
ಎರಡೂ ವಿಬಸ್ ಕೂಡಿಸಬ್ಯಾಡ್ರಿ, ನಿಮ್ಮ 5 ವೋಲ್ಟ್ ಲ್ಯಾಪ್‌ಟಾಪಿಗೆ ಹಿಮ್ಮುಖ ಹರೀತದ. ಟೈಪ್-ಎಗೆ 500 ಮಿಲಿಆಂಪ್ ಕೊಡೋ ಕರೆಂಟ್-ಲಿಮಿಟ್ ಸ್ವಿಚ್, 120 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಸಿ ಕಡೆ 10 ಮೈಕ್ರೋಫ್ಯಾರಡ್‌ಕ್ಕಿಂತ ಮ್ಯಾಲ ಬ್ಯಾಡ. ಟೈಪ್-ಸಿಯ ಕೇಬಲ್ ಗುರುತಿಸೋ ಪಿನ್ ಸಿಸಿ1, ಸಿಸಿ2ರಿಂದ ಗ್ರೌಂಡಿಗೆ ಬ್ಯಾರೆ ಬ್ಯಾರೆ 5.1 ಕಿಲೋಓಮ್. ಒಂದೇ ರೆಸಿಸ್ಟರ್‌ನ್ಯಾಗ ಮುಗಿಸಿದ್ರ ಇ-ಮಾರ್ಕರ್ (ಒಳಗ ಗುರುತಿನ ಚಿಪ್ ಇರೋ) ಕೇಬಲ್ ಹಾಕಿದಾಗ ಕರೆಂಟೇ ಬರಂಗಿಲ್ಲ. ಭಾಳ ಮಂದಿ ಇಲ್ಲೇ ಎಡವ್ತಾರ.

ಪ್ರಶ್ನೆ ಕೇಳಿದವರು:
ಪೆನ್‌ಡ್ರೈವಿಗೆ ಬರೀತಿರುವಾಗ ಲ್ಯಾಪ್‌ಟಾಪ್ ಚುಚ್ಚಿದ್ರ?

ಬಾಗಲಕೋಟೆಯಿಂದ:
ಫೈಲ್ ಕೆಡ್ತದ. ಹಂಗಾದ್ರ ವಿಬಸ್ ಸುದ್ದಿ ಪ್ರೊಸೆಸರಿಗೆ ಹೋಗ್ಲಿ, ಸೆಲೆಕ್ಟ್ ಪಿನ್ ಫರ್ಮ್‌ವೇರ್ ಕೈಯಾಗಿರ್ಲಿ. ಅನ್‌ಮೌಂಟ್ ಆದಮ್ಯಾಲ ಡಿವೈಸ್ ಮೋಡಿಗೆ ಹೋಗಿ ಮಕ್ಸ್ ತಿರುಗಿಸ್ರಿ.